ಮಾಲಕಿ ಟಾರ್ಪಿಯ ಮೂರು ಗೋಲು

ಕ್ಯಾರೊಬಾನ್,
ಆಗಸ್ಟ್ 31, 1953

ಪ್ರೀತಿಯ ಮಾಲಕಿ ಅಣ್ಣ,

ನಿನ್ನೆ ಕೌಂಟಿ ಹರ್ಲಿಂಗ್ ಫೈನಲ್ಲಿನಲ್ಲಿ ನೀನು ಕಿಲ್‌ಶಾನ್ ಊರಿನವರ ಮೇಲೆ ಮೂರು ಗೋಲು ಹೊಡೆದೆ. ಈ ವಾರದ ಪೇಪರಿನಲ್ಲಿ ನಿನ್ನ ಹೆಸರು ದಪ್ಪಕ್ಷರದಲ್ಲಿ ಬರಲಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಅದನ್ನು ಓದಿ ನೀನು ಗಾಬರಿಯಾಗಬಾರದೆಂದು ಈ ಕಾಗದ ಬರೆಯುತ್ತಿದ್ದೇನೆ.

ಹೊಡೆದವನು ನಾನು, ಹೆಸರು ನಿನ್ನದು. ನಿನ್ನನ್ನು ಒಂದು ಮಾತು ಕೇಳದೆ ಹೆಸರು ಎತ್ತಿಕೊಂಡೆವು, ಬೈಯುವುದಿದ್ದರೆ ಬೈದುಬಿಡು. ನಮ್ಮ ಹದಿನೈದು ಜನರಲ್ಲಿ ಒಬ್ಬ ಹುಲ್ಲಿನ ಗಾಡಿಯಿಂದ ಬಿದ್ದು ಕೈ ಮುರಿದುಕೊಂಡ. ಶುಕ್ರವಾರ ಕ್ಯಾಪ್ಟನ್ ಮನೆಗೆ ಬಂದ. ಗುರುಮಠದಲ್ಲಿ ಪಾದ್ರಿಯಾಗಲು ಓದುವ ನನ್ನಂಥ ಹುಡುಗರು ಪಂದ್ಯ ಆಡಕೂಡದೆಂದು ಬಿಷಪ್ಪರ ಕಟ್ಟಪ್ಪಣೆ ಇರುವುದು ಅವನಿಗೂ ಗೊತ್ತು, ರಜೆಯಲ್ಲಿ ಬಂದ ಹುಡುಗರು ಬೇರೆಯವರ ಹೆಸರಿನಲ್ಲಿ ಆಡುವುದೂ ಗೊತ್ತು. ಸಿಕ್ಕಿಬಿದ್ದರೆ ಮುಂದಿನ ಜೂನಿನಲ್ಲಿ ನನಗೆ ಗುರುದೀಕ್ಷೆ ಇಲ್ಲ. ಆರು ವರ್ಷ ಓದಿದ್ದೆಲ್ಲ ನೀರುಪಾಲು. ಆದರೆ ಕ್ಯಾರೊಬಾನಿಗೆ ಈ ತನಕ ಒಂದು ಸಲವೂ ಕಪ್ ಬಂದಿಲ್ಲವಲ್ಲ ಅಣ್ಣ. ನಿನ್ನ ಹೆಸರು ಇನ್ನೂ ಕ್ಲಬ್ಬಿನಲ್ಲಿದೆ. ನಾವಿಬ್ಬರೂ ಒಂದೇ ಮುಖ, ಒಂದೇ ಮೈಕಟ್ಟಿನವರು, ಹಿಂದಿನಿಂದ ನೋಡಿ ಅಮ್ಮನೇ ಎಷ್ಟೋ ಸಲ ನನ್ನನ್ನು ನಿನ್ನ ಹೆಸರು ಹಿಡಿದು ಬೈದಿದ್ದಾಳೆ. ನಾನು ಅವಳ ಕಡೆ ನೋಡಿದೆ. ಅವಳು ಬ್ರೆಡ್ಡಿನ ಹಿಟ್ಟು ನಾದುತ್ತಾ ತಲೆ ಎತ್ತದೆ ಹೇಳಿದಳು: "ಮಾಲಕಿ ಆಡ್ಲಿ ಬಿಡು. ಪಾಪ, ಅವನೂ ಒಂದ್ಸಲ ಆಡ್ಲಿ."

ಆಟ ಶುರುವಾಗುವಾಗ ನನ್ನ ಜೀವ ಬಾಯಿಗೆ ಬಂತು. ಚೆಂಡು ಎಸೆಯಲು ಬಂದವರು ಸ್ವತಃ ಬಿಷಪ್ಪರು. ಎರಡೂ ಕಡೆಯ ಕ್ಯಾಪ್ಟನ್‌ಗಳು ಮಂಡಿಯೂರಿ ಅವರ ಉಂಗುರಕ್ಕೆ ಮುತ್ತಿಟ್ಟರು. ನಾವು ಕೋಲು ಹಿಡಿದು ಎದುರುಬದುರು ಸಾಲಾಗಿ ನಿಂತಿದ್ದೆವು. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬೂಟು ನೋಡುತ್ತಾ ನಿಂತೆ. ಚೆಂಡು ನನ್ನ ಕಾಲ ಬಳಿಯೇ ಬಿತ್ತು. ಆಮೇಲೆ ಬಿಷಪ್ಪರೂ ನೆನಪಿಲ್ಲ, ಗುರುಮಠವೂ ನೆನಪಿಲ್ಲ.

ಕಿಲ್‌ಶಾನಿನ ಫುಲ್‌ಬ್ಯಾಕ್ ಬಾರ್ಟ್ಲಿ ಮಿನೋಗ್ ಹೆಸರು ನೀನು ಕೇಳಿರುತ್ತೀಯ. ಗೋಲಿನ ಮುಂದೆ ಅವನು ನಿಂತರೆ ದಾಟಿ ಹೋದವರಿಲ್ಲ. ನನ್ನನ್ನು ಕಾಯಲು ಅವನೇ ನಿಂತಿದ್ದ. ಮೊದಲ ಎರಡು ಗೋಲು ಅದೃಷ್ಟ ಅಂದುಕೋ. ಮೂರನೆಯದು ಅಲ್ಲ. ಎಡಗಡೆಯಿಂದ ಓಡುತ್ತಲೇ, ಚೆಂಡು ನೆಲ ಮುಟ್ಟುವ ಮೊದಲೇ ಬೀಸಿದೆ. ಕೋಲಿಗೆ ಚೆಂಡು ತಾಗಿದ್ದು ಕೈಗೇ ಗೊತ್ತಾಗಲಿಲ್ಲ, ಅಷ್ಟು ಸರಿಯಾಗಿ ಕೂತಿತು. ಇನ್ನು ಕರಿ ಉಡುಪು ಹಾಕಿದ ಮೇಲೆ ಅಂಥದ್ದೊಂದು ನನ್ನ ಜೀವನದಲ್ಲಿ ಬರುವುದಿಲ್ಲ, ಅದಕ್ಕೆ ನಿನಗಾದರೂ ಹೇಳಿಕೊಳ್ಳುತ್ತಿದ್ದೇನೆ. ಕೊನೆಗಳಿಗೆಯಲ್ಲಿ ಬಾರ್ಟ್ಲಿಯ ಕೋಲು ನನ್ನ ಪಾದಕ್ಕೆ ಬಿತ್ತು, ಬೇಕೆಂದು ಹೊಡೆದದ್ದಲ್ಲ. ಕುಂಟುತ್ತಾ ಹೊರಗೆ ಬಂದವನನ್ನು ಜನ ಹೆಗಲ ಮೇಲೆ ಹೊತ್ತರು. ಈಗ ನೋವಿಲ್ಲ.

ನಮ್ಮೂರ ಪಾದ್ರಿ ಕ್ಯಾನನ್ ಲೀಹಿ ಆಟವಿಡೀ ಪ್ರಾರ್ಥನೆ ಪುಸ್ತಕ ಮುಖಕ್ಕೆ ಹಿಡಿದು ಕೂತಿದ್ದರಂತೆ. ಇವತ್ತು ಬೆಳಗ್ಗೆ ಪೂಜೆ ಮುಗಿದ ಮೇಲೆ, "ನಿಮ್ಮಣ್ಣನಿಗೆ ಬರೆಯುವಾಗ ನನ್ನ ಅಭಿನಂದನೆ ತಿಳಿಸು" ಅಂದರು. ಅಷ್ಟು ಹೇಳಿ ಹೊರಟುಬಿಟ್ಟರು.

ಬುಧವಾರ ಗುರುಮಠಕ್ಕೆ ಹಿಂತಿರುಗುತ್ತೇನೆ. ಅಲ್ಲಿ ಬರುವ ಕಾಗದ, ಹೋಗುವ ಕಾಗದ ಎಲ್ಲವನ್ನೂ ಡೀನ್ ಒಡೆದು ಓದುತ್ತಾರೆ ಎಂಬುದು ನೆನಪಿರಲಿ. ಅಲ್ಲಿಗೆ ಬರೆಯುವಾಗ ಗೋಲು ಹೊಡೆದವನು ನೀನೇ. ಜುಲೈನಿಂದ ನಿನ್ನ ಕಾಗದವಿಲ್ಲ, ಸಿಟ್ಟೇ? ಅಮ್ಮ ದಿನವೂ ಪೋಸ್ಟಿನವನ ಸೈಕಲ್ ಕಾಯುತ್ತಾಳೆ.

ನಿನ್ನ
ಕಾಲ್ಮನ್

---

ಬರ್ಮಿಂಗ್‌ಹ್ಯಾಮ್,
ಸೆಪ್ಟೆಂಬರ್ 13, 1953

ನನ್ನ ಪ್ರೀತಿಯ ತಮ್ಮ ಕಾಲ್ಮನ್‌ಗೆ ಅಣ್ಣ ಮಾಲಕಿಯ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಫೈನಲ್ ಮುಗಿಸಿ ಹಡಗು ಹತ್ತಿ ಬಂದವನು ನಿನಗೆ ಬರೆಯಲು ತಡಮಾಡಿದೆ. ಮೂರು ಗೋಲು ಹೊಡೆದವನಿಗೆ ಆಯಾಸ ಇರುವುದಿಲ್ಲವೇ. ನೀನು ಅಂದು ಮನೆಯಲ್ಲಿ ಕೂತು ಜಪಮಾಲೆ ಹಿಡಿದಿದ್ದೆ ಎಂದು ಅಮ್ಮ ಹೇಳಿದಳು, ಒಳ್ಳೆಯದಾಯಿತು. ಆಟದ ವಿಷಯ ನಿನಗೆ ಎಲ್ಲಿಂದ ತಿಳಿಯಬೇಕು, ನಾನೇ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಸ್ವಲ್ಪ ಬೆವರಿದೆ. ಮೂರನೆಯದನ್ನು ಬಲಗಡೆಯಿಂದ ಎಂಥ ಏಟು ಕೊಟ್ಟೆನೆಂದರೆ, ಬಲೆ ಹರಿಯಿತು, ಹಿಂದೆ ಮೇಯುತ್ತಿದ್ದ ಕತ್ತೆಯೊಂದು ಬೆದರಿ ಓಡಿತು. ಬಾರ್ಟ್ಲಿ ಮಿನೋಗ್ ಎಂಬ ಮಹಾಶಯ ಬಾಯಿ ತೆರೆದುಕೊಂಡು ನಿಂತಿದ್ದ. ನನಗೆ ಬಡಾಯಿ ಒಗ್ಗದ ಕಾರಣ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಇಲ್ಲಿ ನನ್ನ ಅಕ್ಕಪಕ್ಕದ ಹಾಸಿಗೆಯವರೆಲ್ಲ ಪೇಪರ್ ನೋಡಿ, "ಇವನೇನಾ ಆ ಟಾರ್ಪಿ?" ಎಂದು ಕೇಳುತ್ತಾರೆ. ನಮ್ಮ ದೇಶದ ಮೇಯೋ ಕಡೆಯ ಹುಡುಗಿಯೊಬ್ಬಳು ಆ ಸುದ್ದಿಯನ್ನು ದಿನಕ್ಕೊಂದು ಸಲ ನನಗೆ ಓದಿ ಹೇಳುತ್ತಾಳೆ. ಎಷ್ಟು ಸಲ ಕೇಳಿದರೂ ಬೇಸರ ಬರುವುದಿಲ್ಲ ಕಣೋ. ಅಕ್ಷರ ಸೊಟ್ಟಗಿದ್ದರೆ ಮಲಗಿಕೊಂಡು ಬರೆದದ್ದೆಂದು ತಿಳಿ. ಕೆಲಸ ಸ್ವಲ್ಪ ಹಗುರವಾಗಿದೆ. ಅಮ್ಮನಿಗೂ ಬರೆದಿದ್ದೇನೆ.

ಈ ಕಾಗದ ಓದುವ ಎಲ್ಲರಿಗೂ ನನ್ನ ನಮಸ್ಕಾರ.

ನಿನ್ನ ಅಣ್ಣ
ಮಾಲಕಿ

---

ಗುರುಮಠ,
ಅಕ್ಟೋಬರ್ 4, 1953

ಪ್ರೀತಿಯ ಅಣ್ಣ,

ನಿನ್ನ ಕಾಗದ ತಲುಪಿತು. ನಿನ್ನ ಸಾಧನೆ ಕೇಳಿ ಸಂತೋಷವಾಯಿತು. ಆದರೆ ಒಂದು ಮಾತು. ಮೂರನೆಯ ಗೋಲನ್ನು ಬಲಗಡೆಯಿಂದ ಹೊಡೆದೆ ಎಂದು ಬರೆದಿದ್ದೀಯ. ನೋಡಿದವರೆಲ್ಲ ಎಡಗಡೆಯಿಂದ ಎನ್ನುತ್ತಾರೆ. ಚೆಂಡು ನೆಲ ಮುಟ್ಟಿರಲಿಲ್ಲ ಎಂಬುದನ್ನೂ ನೀನು ಬರೆದಿಲ್ಲ. ಹೊಡೆದವನಿಗೇ ಇಂಥದ್ದು ಮರೆತುಹೋದರೆ ಹೇಗಣ್ಣ? ಕತ್ತೆಯ ವಿಷಯ ಯಾರೂ ಹೇಳಲಿಲ್ಲ.

ನಮ್ಮ ಡೀನ್ ಹರ್ಲಿಂಗ್ ಬಲ್ಲ ಕಡೆಯವರು. ಮೊನ್ನೆ ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು, "ನಿಮ್ಮಣ್ಣ ಎರಡನೇ ಗೋಲಿನ ವಿವರ ಸರಿಯಾಗಿ ಬರೆದಿಲ್ಲ, ಮುಂದಿನ ಕಾಗದದಲ್ಲಿ ಬರೀಲಿ" ಎಂದು ಹೇಳಿ ಮುಂದೆ ಹೋದರು. ನಾನು ಆಲೂಗಡ್ಡೆಯ ಬಟ್ಟಲು ಕೆಳಗೆ ಬೀಳದಂತೆ ಹಿಡಿದುಕೊಂಡೆ.

ಅಮ್ಮನ ಕಾಗದ ಬಂದಿದೆ. ಮಾಲಕಿ ಟಾರ್ಪಿ ಬೇಸಿಗೆಯಿಡೀ ಬರ್ಮಿಂಗ್‌ಹ್ಯಾಮಿನಲ್ಲೇ ಇದ್ದ, ಆಡಿದವನು ಬೇರೆ ಯಾರೋ ಎಂದು ಕಿಲ್‌ಶಾನ್ ಕ್ಲಬ್ಬಿನವರು ಕೌಂಟಿ ಬೋರ್ಡಿಗೆ ಆಕ್ಷೇಪಣೆ ಹಾಕುತ್ತಾರಂತೆ. ಅದು ರುಜುವಾದರೆ ಕಪ್ ಅವರಿಗೆ ಹೋಗುತ್ತದೆ. ಆಡಿದವನು ಯಾರೆಂಬ ವಿಚಾರಣೆಯೂ ನಡೆಯುತ್ತದೆ. ಎಂಥ ಮಾತು ನೋಡು. ನೀನು ಹುಷಾರಾಗಿರು.

ನಿನಗಾಗಿ ಪ್ರಾರ್ಥಿಸುವ
ಕಾಲ್ಮನ್

---

ಬರ್ಮಿಂಗ್‌ಹ್ಯಾಮ್,
ನವೆಂಬರ್ 29, 1953

ಪ್ರೀತಿಯ ತಮ್ಮ ಕಾಲ್ಮನ್‌ಗೆ,

ಎರಡನೇ ಗೋಲಿನ ವಿವರ ಕೇಳಿದವರಿಗೆ ನನ್ನ ಕ್ಷಮೆ ತಿಳಿಸು, ಈ ಸಲವೂ ಜಾಗವಿಲ್ಲ. ಅದಕ್ಕಿಂತ ದೊಡ್ಡ ಸುದ್ದಿ ಇದೆ.

ಕಿಲ್‌ಶಾನ್ ಕ್ಲಬ್ಬಿನ ಕಾರ್ಯದರ್ಶಿ ಕರ್ಟಿನ್ ಹೋದ ಭಾನುವಾರ ನನ್ನ ಕೋಣೆಗೆ ಬಂದಿದ್ದ. ತಂಗಿಯನ್ನು ನೋಡಲು ಬರ್ಮಿಂಗ್‌ಹ್ಯಾಮಿಗೆ ಬಂದೆ ಅಂದ. ತಂಗಿಯನ್ನು ನೋಡುವವನು ಕಂಕುಳಲ್ಲಿ ಹರ್ಲಿಂಗ್ ಕೋಲು ಇಟ್ಟುಕೊಂಡು, ಜೇಬಿನಲ್ಲಿ ಚೆಂಡು ತುರುಕಿಕೊಂಡು ಬರುತ್ತಾನೆಯೇ? ನಾನು ಹಾಸಿಗೆಯ ಮೇಲೆ ಕಂಬಳಿ ಹೊದ್ದು ಕೂತಿದ್ದೆ. ಚಹಾ ಕೊಡಿಸಿದೆ, ಕುಡಿದ. ಅವರ ಮನೆಯವರ ಯೋಗಕ್ಷೇಮ ಕೇಳಿದೆ, ಹೇಳಿದ. ಆಮೇಲೆ ಕೋಲನ್ನು ನನ್ನ ಮಡಿಲಲ್ಲಿಟ್ಟ.

"ಹಿತ್ತಲಲ್ಲಿ ಗೋಡೆ ಇದೆ. ಒಂದೇ ಒಂದು ಏಟು ಹೊಡ್ದು ತೋರ್ಸು ಮಾಲಕಿ. ನಾನು ಒಪ್ಕೊಂಡು ಹೋಗ್ತೀನಿ" ಅಂದ.

ಗೋಡೆಗೆ ಹೊಡೆಯಬೇಕಾದರೆ ಮೊದಲು ಎದ್ದು ನಿಲ್ಲಬೇಕಲ್ಲ. ಹಾಗಾಗಿ ಕಂಬಳಿ ತೆಗೆದೆ. ಬಲಗಾಲು ಹರಡಿನಿಂದ ಕೆಳಗೆ ಇಲ್ಲ. ಅವನು ನೋಡಿದ.

"ನಿಮ್ಮ ಬಾರ್ಟ್ಲಿಯ ಏಟು" ಅಂದೆ. "ನಾನು ಕುಂಟ್ಕೊಂಡು ಹೊರಗೆ ಹೋಗಿದ್ದು ನೀನೂ ನೋಡಿದ್ಯಲ್ಲ. ಮೊದ್ಲು ಊದ್ತು, ಆಮೇಲೆ ಕಪ್ಪಾಯ್ತು. ಇಲ್ಲಿಯ ಡಾಕ್ಟರು ಕತ್ತರಿಸಿ ತೆಗೆದ್ರು."

ಕರ್ಟಿನ್ ಟೋಪಿ ತೆಗೆದ. ಚಹಾದ ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ. ಕೋಲನ್ನೂ ಬಿಟ್ಟುಹೋಗಿದ್ದಾನೆ. ಒಳ್ಳೆಯ ಆಶ್ ಮರದ್ದು. ಇನ್ನು ಆಕ್ಷೇಪಣೆ ಬರಲಾರದು ಎಂದು ನನಗನ್ನಿಸುತ್ತದೆ.

ನೀನು ನೆಮ್ಮದಿಯಾಗಿ ಓದು. ಜೂನಿನಲ್ಲಿ ನಮ್ಮ ಮನೆಯಲ್ಲೊಬ್ಬ ಗುರು ಆಗಲೇಬೇಕು.

ನಿನ್ನ ಅಣ್ಣ
ಮಾಲಕಿ

---

ಕ್ಯಾರೊಬಾನ್,
ಡಿಸೆಂಬರ್ 27, 1953

ಪ್ರೀತಿಯ ಅಣ್ಣ,

ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಿದ್ದೇನೆ, ಈಗ ಬಾಯಿ ಬಿಟ್ಟು ಬರೆಯಬಹುದು. ಅದು ಹೇಗೆ ಮಾಡಿದೆ ಮಾರಾಯ? ಕಾಲು ಮಡಚಿ ಅಡಿಗೆ ಹಾಕಿಕೊಂಡೆಯಾ? ಅಷ್ಟು ಹತ್ತಿರ ಕೂತವನಿಗೆ ಗೊತ್ತಾಗಲಿಲ್ಲವೇ? ನಿನ್ನ ಕಾಗದ ಓದಿ ಡೀನ್ ನನ್ನನ್ನು ಕೋಣೆಗೆ ಕರೆದು, "ನಿಮ್ಮಣ್ಣನ ಕಾಲಿಗಾಗಿ ಇಡೀ ಗುರುಮಠ ಪ್ರಾರ್ಥಿಸುತ್ತದೆ" ಅಂದರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಅವರು ಅದನ್ನು ದುಃಖ ಎಂದುಕೊಂಡು ಬೆನ್ನು ತಟ್ಟಿದರು. ಕಿಲ್‌ಶಾನಿನವರು ಆಕ್ಷೇಪಣೆ ಹಾಕುವುದನ್ನೇ ಕೈಬಿಟ್ಟಿದ್ದಾರೆ.

ಆದರೆ ನಗು ಮೊನ್ನೆಗೆ ನಿಂತುಹೋಯಿತು. ಹಬ್ಬದ ಹಿಂದಿನ ದಿನ ಬಾಗಿಲು ತಟ್ಟಿದ ಸದ್ದಾಯಿತು. ಬಾರ್ಟ್ಲಿ ಮಿನೋಗ್. ಅಷ್ಟು ದೊಡ್ಡ ಆಳು ಹೊಸಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಮ್ಮನಿಗೆಂದು ಒಂದು ಹೆಬ್ಬಾತು ತಂದಿದ್ದ, ಪುಕ್ಕ ಕಿತ್ತು ಶುಚಿಮಾಡಿದ್ದು. ಒಳಗೆ ಬಾ ಅಂದರೂ ಬರಲಿಲ್ಲ. "ಅಮ್ಮಾ, ಬೇಕು ಅಂತ ಹೊಡೀಲಿಲ್ಲ" ಅಂದ. ಅಷ್ಟೇ ಹೇಳಿದ್ದು. ಕಾಲಿನ ಕತೆ ನಿನ್ನ ನಾಟಕವೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ, ಅವಳು ಹೆಬ್ಬಾತು ಹಿಡಿದುಕೊಂಡು ಬಿಳಿಚಿಕೊಂಡು ನಿಂತಿದ್ದಳು. ಅವನು ನನ್ನ ಮುಖ ಸರಿಯಾಗಿ ನೋಡಲೂ ಇಲ್ಲ. ಆಡುವುದನ್ನೇ ಬಿಟ್ಟಿದ್ದಾನಂತೆ, ಕೋಲುಗಳನ್ನು ಒಲೆಗೆ ಹಾಕಿದನಂತೆ. ಅವನಿಗೆ ಇಪ್ಪತ್ತಾರು ವರ್ಷ.

ಆ ಹೆಬ್ಬಾತನ್ನು ನಾವು ತಿನ್ನಲಿಲ್ಲ. ಅಮ್ಮ ಅದನ್ನು ಪಕ್ಕದ ಮನೆಗೆ ಕೊಟ್ಟು, ನಮಗೆ ಹಂದಿಮಾಂಸವನ್ನೂ ಎಲೆಕೋಸನ್ನೂ ಬೇಯಿಸಿದಳು.

ಅಣ್ಣ, ಇದನ್ನು ಸರಿಮಾಡಬೇಕು. ನೀನು ಬಾರ್ಟ್ಲಿಗೆ ಒಂದು ಸಾಲು ಬರೆ. ಕಾಲು ಪೂರ್ತಿ ಹೋಗಿಲ್ಲ, ಕರ್ಟಿನ್ ಸರಿಯಾಗಿ ನೋಡಲಿಲ್ಲ, ಈಗ ವಾಸಿಯಾಗಿದೆ ಅಂತ. ಅಷ್ಟು ಸಾಕು. ನಾನು ಜನವರಿ ಹತ್ತಕ್ಕೆ ಹೊರಡುತ್ತೇನೆ, ಅಷ್ಟರೊಳಗೆ ಉತ್ತರ ಬರೆ.

ಕಾಲ್ಮನ್

---

ಬರ್ಮಿಂಗ್‌ಹ್ಯಾಮ್,
ಜನವರಿ 3, 1954

ಕಾಲ್ಮನ್,

ವಾಸಿಯಾಗಿದೆ ಅಂತ ಬರೆಯಲು ಆಗುವುದಿಲ್ಲ. ಕಾಲು ಇಲ್ಲ ಕಣೋ. ಕಾಲಿನ ಬಗ್ಗೆ ನಾನು ಬರೆದದ್ದರಲ್ಲಿ ಬಾರ್ಟ್ಲಿಯ ಹೆಸರೊಂದೇ ಸುಳ್ಳು.

ಜುಲೈನಲ್ಲಿ ಚರಂಡಿಯ ಕೊಳವೆ ಇಳಿಸುವಾಗ ಸರಪಳಿ ಜಾರಿತು. ಯಾರ ತಪ್ಪೂ ಅಲ್ಲ, ಮಣ್ಣು ಒದ್ದೆಯಾಗಿತ್ತು. ಅಮ್ಮನಿಗೆ ಹೇಗೆ ಬರೆಯಲಿ ಎಂದು ಯೋಚಿಸುತ್ತಾ ಆಗಸ್ಟ್ ಪೂರ್ತಿ ಆಸ್ಪತ್ರೆಯಲ್ಲಿ ಕಳೆದೆ. ಗೋಡೆ ನೋಡುತ್ತಾ ಮಲಗಿದ್ದೆ, ಯಾರ ಜತೆಗೂ ಮಾತಿಲ್ಲ. ಮನೆಗೆ ಹೋಗಿ ಏನು ಮಾಡಲಿ, ಇಲ್ಲಿದ್ದು ಏನು ಮಾಡಲಿ ಎಂಬುದೇ ಚಿಂತೆ. ಆಗ ನಿನ್ನ ಕಾಗದ ಬಂತು. ಹಿಂದೆಯೇ ಪೇಪರೂ ಬಂತು. ಮೇಯೋದ ನರ್ಸ್ ಅದನ್ನು ಗಟ್ಟಿಯಾಗಿ ಓದಿದಳು: ಕ್ಯಾರೊಬಾನಿನ ಮಾಲಕಿ ಟಾರ್ಪಿ, ಮೂರು ಗೋಲು. ಓದಿ ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತೋ ನಕ್ಕು. ಸುತ್ತಲಿನವರೆಲ್ಲ ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೈ ಕುಲುಕಿದರು.

ನಿನಗೆ ಅರ್ಥವಾಗುತ್ತದೋ ಇಲ್ಲವೋ. ಹುಟ್ಟಿದಾಗಿನಿಂದ ನಾನು ಕಾಲ್ಮನ್ ಟಾರ್ಪಿಯ ಅಣ್ಣ. ಆಟಕ್ಕೆ ನಿಂತರೆ ನನ್ನನ್ನು ಚೆಂಡು ಹೆಕ್ಕಲು ಕಳಿಸುತ್ತಿದ್ದರು. ಅದಕ್ಕೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಇಂಥ ಬೇಸಿಗೆಯಲ್ಲೇ ನನ್ನ ಹೆಸರು ಆ ಮೈದಾನದಲ್ಲಿ ಓಡಿತಲ್ಲ, ಅದು ನನಗೆ ಎಷ್ಟು ಬೇಕಾಗಿತ್ತು ಅಂತ ಹೇಳಲಾರೆ. ಕರ್ಟಿನ್ ಬಂದಾಗ ಆ ಕಾಲು ಕೊನೆಗೂ ಒಂದು ಕೆಲಸಕ್ಕೆ ಬಂತು ಎಂದು ಖುಷಿಯಾಯಿತು.

ಬಾರ್ಟ್ಲಿಯ ಕತೆ ಹೀಗಾಗುತ್ತದೆಂದು ನಾನು ಯೋಚಿಸಲಿಲ್ಲ. ಅದು ನನ್ನ ಮೇಲಿರಲಿ. ಜೂನ್ ಕಳೆಯಲಿ, ನಿನ್ನ ದೀಕ್ಷೆ ಆಗಲಿ, ನಾನೇ ಅವನಿಗೆ ಎಲ್ಲ ಬರೆಯುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಮುಚ್ಚಿಕೊಂಡಿರು. ಅಮ್ಮನಿಗೂ ಹೇಳಬೇಡ. ಜೂನಿಗೆ ನಾನು ಬರುವುದಿಲ್ಲ. ಈ ಕಾಲು ನೋಡಿದರೆ ಜನ ಮತ್ತೆ ಬಾರ್ಟ್ಲಿಯನ್ನೇ ಬೈಯುತ್ತಾರೆ.

ಮಾಲಕಿ

---

ಕ್ಯಾರೊಬಾನ್,
ಜನವರಿ 9, 1954

ಅಣ್ಣ,

ನಿನ್ನ ಕಾಗದ ಗುರುವಾರ ಬಂತು. ಓದಿ ಕೊಟ್ಟಿಗೆಗೆ ಹೋಗಿ ಅತ್ತೆ. ತುಟಿ ಕಚ್ಚಿ ನಗು ತಡೆದೆ ಎಂದು ನಿನಗೆ ಬರೆದಿದ್ದೆನಲ್ಲ, ಆ ಸಾಲು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅಮ್ಮನಿಗೆ ಹೇಳಿಲ್ಲ, ಅದು ನೀನೇ ಹೇಳಬೇಕಾದದ್ದು. ಆದರೆ ಬಾಯಿ ಮುಚ್ಚಿಕೊಂಡಿರು ಎಂದೆಯಲ್ಲ, ಅದನ್ನು ಕೇಳಲಾಗಲಿಲ್ಲ. ಮುಂದೆ ಜನರ ಪಾಪನಿವೇದನೆ ಕೇಳಲು ಕೂರುವವನು ನಾನು. ಮಾಡದ ತಪ್ಪಿಗೆ ಒಬ್ಬ ಒದ್ದಾಡುತ್ತಿರುವಾಗ ನಾನು ಬಲಿಪೀಠ ಹತ್ತಿದರೆ ಆ ಕೈಯಿಂದ ಯಾರನ್ನು ಆಶೀರ್ವದಿಸಲಿ?

ನಿನ್ನೆ ಸೈಕಲ್ ತುಳಿದುಕೊಂಡು ಕಿಲ್‌ಶಾನಿಗೆ ಹೋದೆ. ಬಾರ್ಟ್ಲಿ ಹೊಲದಲ್ಲಿ ಬೇಲಿ ಸರಿಮಾಡುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಆಡಿದವನು ನಾನು, ನನ್ನ ಕಾಲಿಗೆ ಏನೂ ಆಗಿಲ್ಲ, ನನ್ನಣ್ಣನ ಕಾಲು ಜುಲೈನಲ್ಲೇ ಹೋಗಿತ್ತು, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಇದನ್ನು ಬಿಷಪ್ಪರಿಗೆ ಹೇಳಿದರೆ ನಾನು ಗುರುವಾಗುವುದಿಲ್ಲ, ಬೋರ್ಡಿಗೆ ಹೇಳಿದರೆ ಕಪ್ ನಿಮ್ಮದು, ನಿನಗೆ ಸರಿ ಕಂಡದ್ದು ಮಾಡು ಅಂದೆ.

ಅವನು ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ಬಂದ. ಹೊಡೆಯುತ್ತಾನೆ ಅಂದುಕೊಂಡೆ.

"ಅಂದ್ರೆ ಆ ಮೂರನೇದು ಹೊಡ್ದಿದ್ದು ನೀನಾ? ಕಾಲ್ಮನ್ ಟಾರ್ಪಿ?"

"ನಾನೇ."

"ದೇವ್ರು ದೊಡ್ಡವ್ನು" ಅಂದ. "ನಿಮ್ಮಣ್ಣ ಮಾಲಕಿ ಹುಡುಗನಾಗಿದ್ದಾಗ ನಮ್ಮೂರಲ್ಲಿ ಒಂದ್ಸಲ ಆಡಿದ್ದ ಕಣೋ. ಚೆಂಡಿಗೆ ಬೀಸಿ ನಮ್ಮ ಅಂಪೈರ್ ಮೊಣಕಾಲಿಗೆ ಹೊಡ್ದಿದ್ದ. ಅಂಥವ್ನು ನನ್ ಮೇಲೆ ಮೂರು ಗೋಲು ಹೊಡ್ದ ಅಂತ ಆಗಸ್ಟಿನಿಂದ ನಾನು ಜನಕ್ಕೆ ಮುಖ ತೋರ್ಸಿಲ್ಲ. ಕಾಲಿನ ಸುದ್ದಿ ಬರೋಕ್ ಮುಂಚೆನೇ ಅರ್ಧ ಸತ್ತಿದ್ದೆ."

ಆಮೇಲೆ ನಕ್ಕ. ಅಣ್ಣ, ಆ ನಗು ನೀನು ಕೇಳಬೇಕಿತ್ತು. ಕಪ್ಪಿನ ಮಾತೆತ್ತಿದೆ. "ಬೋರ್ಡಿನ ಮೀಟಿಂಗಲ್ಲಿ ಗೆದ್ದ ಕಪ್ ಯಾರಿಗ್ ಬೇಕು, ಮೈದಾನದಲ್ಲೇ ಇಸ್ಕೊಳ್ತೀವಿ" ಅಂದ. ಅವನ ಮನೆಯಲ್ಲಿ ಕೋಲು ಒಂದೂ ಉಳಿದಿರಲಿಲ್ಲ, ಪಕ್ಕದ ಮನೆಯಿಂದ ಎರಡು ತಂದ. ಆ ಕೆಸರಿನ ಹೊಲದಲ್ಲಿ ಎರಡು ಗೂಟಗಳ ಮುಂದೆ ನಿಂತು, "ಈಗ ಹೊಡಿ, ನಿನ್ನ ಹೆಸ್ರಲ್ಲಿ" ಅಂದ. ಕತ್ತಲಾಗುವ ತನಕ ಹೊಡೆದೆ. ಒಂದೂ ದಾಟಲಿಲ್ಲ. ನಾನು ಬೇಕೆಂದು ಬಿಟ್ಟುಕೊಡಲಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಅವನು ಅಷ್ಟು ಚೆನ್ನಾಗಿ ಆಡಿದ.

ಯಾರಿಗೂ ಹೇಳುವುದಿಲ್ಲ ಅಂದಿದ್ದಾನೆ. ನಾನು ಬಿಷಪ್ಪರಿಗೆ ಹೇಳಬೇಕು ಎಂದುಕೊಂಡಿದ್ದೇನೆ. ಬೈಯಬೇಡ. ಏನಾದರೂ ಆಗಲಿ, ಜೂನಿಗೆ ನೀನು ಬರಬೇಕು.

ಕಾಲ್ಮನ್

---

ಗುರುಮಠ,
ಮೇ 16, 1954

ಪ್ರೀತಿಯ ಅಣ್ಣ,

ದೀಕ್ಷೆಗೆ ಮೊದಲು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಲು ನಮ್ಮ ಬಿಷಪ್ಪರು ಬಂದಿದ್ದರು. ನಿನ್ನ ವಿಷಯ ಬಂತು. ನಿನ್ನ ಮೂರು ಗೋಲಿನ ಬಗ್ಗೆ ನನಗೆ ಗೊತ್ತಿದ್ದನ್ನೆಲ್ಲ, ಒಂದನ್ನೂ ಬಿಡದೆ, ಹೆಸರು ಸಮೇತ ಹೇಳಿಬಿಟ್ಟೆ. ಹೇಳುವಾಗ ಮಂಡಿಯೂರಿದ್ದೆ.

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಅಂದು ಚೆಂಡು ಎಸೆದವನು ನಾನೇ. ನಿಮ್ಮಣ್ಣ ಟೋಪಿ ಎಳ್ಕೊಂಡು ನನ್ನ ಬೂಟು ನೋಡ್ತಾ ನಿಂತಿದ್ದ. ಅವನು ಎಂದಾದ್ರೂ ಬಂದು ತಲೆ ಎತ್ತಿ ನನ್ನ ಮುಖ ನೋಡ್ತಾನಾ ಅಂತ ಕಾಯ್ತಾ ಇದ್ದೆ." ಆಮೇಲೆ, ಇನ್ನೆಂದೂ ಆಡುವುದಿಲ್ಲವೆಂದು ನಿನ್ನ ಪರವಾಗಿ ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಕೊಡುವಾಗ ಕಷ್ಟವಾಯಿತು. ಕಪ್ಪಿನ ಬಗ್ಗೆ ಕೇಳಿದಾಗ, ಅದು ಬೋರ್ಡಿನವರ ವಿಚಾರ, ಧರ್ಮಸಭೆಯದಲ್ಲ ಅಂದರು. ಬಾಗಿಲವರೆಗೆ ಹೋದವನನ್ನು ಮತ್ತೆ ಕರೆದರು.

"ಆ ಮೂರನೇದು, ನೆಲ ಮುಟ್ಟೋಕ್ ಮುಂಚೆನೇ ತಾನೇ?"

ಹೌದು ಅಂದೆ. ತಲೆಯಾಡಿಸಿದರು.

ಜೂನ್ 20ಕ್ಕೆ ದೀಕ್ಷೆ. ನನ್ನ ಮೊದಲ ನೇಮಕ ಎಲ್ಲಿಗೆ ಗೊತ್ತೇ? ಕಿಲ್‌ಶಾನಿಗೆ. ಸ್ಟೇಷನ್ನಿನಲ್ಲಿ ನಿನ್ನನ್ನು ಕರೆದುಕೊಳ್ಳಲು ಬಾರ್ಟ್ಲಿ ಬರುತ್ತಾನೆ. ಬರುವುದಿಲ್ಲ ಎಂದು ಹಟ ಹಿಡಿದರೆ ಅವನೇ ಹಡಗು ಹತ್ತಿ ಬಂದು ಹೊತ್ತುಕೊಂಡು ಬರುತ್ತಾನಂತೆ.

ಕಾಲ್ಮನ್

---

ಬರ್ಮಿಂಗ್‌ಹ್ಯಾಮ್,
ಜೂನ್ 27, 1954

ಪೂಜ್ಯ ಫಾದರ್ ಟಾರ್ಪಿಯವರ ಸನ್ನಿಧಾನಕ್ಕೆ,

ತಮ್ಮ ಪಾದಸೇವಕ ಮಾಲಕಿ ಮಾಡುವ ನಮಸ್ಕಾರಗಳು. ಇನ್ನು ಮುಂದೆ ತಮಗೆ ಲೋ ಎನ್ನುವಂತಿಲ್ಲವಲ್ಲ, ಅದೇ ದೊಡ್ಡ ಕಷ್ಟ. ಈ ಒಂದು ಕಾಗದಕ್ಕೆ ಮಾತ್ರ ಅನುಮತಿ ಕೊಡಿ.

ಲೋ ಕಾಲ್ಮನ್, ಆ ದಿನ ನೀನು ಒಳಗೆ ಬಲಿಪೀಠದ ಹತ್ತಿರ ಇದ್ದೆ, ಹೊರಗಿನದ್ದು ನಿನಗೆ ಗೊತ್ತಿಲ್ಲ. ಚರ್ಚಿನ ಗೇಟಿನ ಹತ್ತಿರ ಅಮ್ಮ ನನ್ನ ಮರದ ಪಾದ ನೋಡಿದಳು. ಕೈಚೀಲದಿಂದ ಬೆನ್ನಿಗೆ ಎರಡು ಬಾರಿಸಿದಳು, ಆಮೇಲೆ ಅದೇ ಬೆನ್ನು ತಬ್ಬಿಕೊಂಡು ಅತ್ತಳು. ಯಾಕೋ ಹೇಳಲಿಲ್ಲ, ಯಾಕೋ ಹೇಳಲಿಲ್ಲ ಅಂತ ಎಷ್ಟು ಸಲ ಕೇಳಿದಳೋ. ನಮ್ಮಿಬ್ಬರನ್ನೂ ಬಾರ್ಟ್ಲಿ ಒಂದೊಂದು ತೋಳಿಗೆ ಹಾಕಿಕೊಂಡು ಎಲ್ಲರ ಎದುರಿಗೆ ನಡುಹಾದಿಯಲ್ಲೇ ಒಳಗೆ ಕರೆದೊಯ್ದ. ಕಿಲ್‌ಶಾನಿನವರು ನನ್ನ ಪಾದ ನೋಡಿದರು, ಅವನ ಮುಖ ನೋಡಿದರು. ಅವನು ತಲೆ ಎತ್ತಿಕೊಂಡೇ ನಡೆದ. ಅವನಿಗಿರುವ ಎದೆಗಾರಿಕೆ ನನಗಿಲ್ಲ.

ಇನ್ನೊಂದು ಅಮ್ಮ ಹೇಳಿದ್ದು. ದೀಕ್ಷೆಗೆ ಮೊದಲು ಊರಿನ ಪೂಜೆಯಲ್ಲಿ ನಿನ್ನ ಹೆಸರು ಕೂಗಿ, ಇವನು ಗುರುವಾಗಲು ಅಡ್ಡಿಯೇನಾದರೂ ಗೊತ್ತಿದ್ದವರು ಹೇಳಬೇಕು ಎಂದು ಕ್ಯಾನನ್ ಕೇಳಿದರಲ್ಲ, ಆಗ ಇಡೀ ಕ್ಯಾರೊಬಾನ್ ಮೇಲಿನ ತೊಲೆ ನೋಡುತ್ತಾ ಕೂತಿತ್ತಂತೆ. ನೀನು ಬಿಷಪ್ಪರಿಗೆ ಹೇಳಿದ್ದು ಅವರಿಗೇನು ಗೊತ್ತು. ಅಷ್ಟರಲ್ಲಿ, ತನ್ನೂರು ಬಿಟ್ಟು ಅದಕ್ಕೆಂದೇ ಬಂದಿದ್ದ ಬಾರ್ಟ್ಲಿ ಮಿನೋಗ್ ಹಿಂದಿನ ಬೆಂಚಿನಿಂದ ಎದ್ದು ನಿಂತ. ತೊಲೆ ನೋಡುತ್ತಿದ್ದವರೆಲ್ಲ ತಿರುಗಿ ಅವನನ್ನು ನೋಡಿದರು. ಬಾರ್ಟ್ಲಿ ಒಬ್ಬ ಅಜ್ಜಿಗೆ ಜಾಗ ಬಿಟ್ಟುಕೊಟ್ಟು ಮತ್ತೆ ಕೂತ. ಬೇಕೆಂದೇ ಮಾಡಿದೆ ಎಂದು ಅವನು ನನ್ನ ಹತ್ತಿರ ಒಪ್ಪಿಕೊಂಡಿದ್ದಾನೆ.

ಬಿಷಪ್ಪರು ಎಣ್ಣೆ ಹಚ್ಚಿ ನಿನ್ನ ಕೈ ಕಟ್ಟಿದ ಬಟ್ಟೆಯನ್ನು ನೀನು ಅಮ್ಮನ ಮಡಿಲಿಗೆ ಹಾಕಿದೆಯಲ್ಲ, ಅದನ್ನು ಅವಳು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಸತ್ತಾಗ ಕೈಗೆ ಸುತ್ತಿ ಕಳಿಸಿ, ಗುರುವಿನ ತಾಯಿ ಅಂತ ಅಲ್ಲಿ ಗೊತ್ತಾಗಬೇಕು ಎನ್ನುತ್ತಾಳೆ. ಹೊರಡುವ ದಿನ ನನಗೆ ಚಹಾ ಕೊಡುತ್ತಾ ಹೇಳಿದಳು: "ಅಂಗಡಿಯಲ್ಲಿ, ಬಾವಿ ಹತ್ರ, ಒಂದು ವರ್ಷದಿಂದ ನನ್ನ ಮಾಲಕಿ ಮೂರು ಗೋಲು ಹೊಡ್ದ ಅಂತ ಹೇಳಿ ಹೇಳಿ ಬಾಯಿಗೆ ಅಭ್ಯಾಸ ಆಗ್ಹೋಗಿದೆ ಕಣೋ. ಇನ್ಮೇಲೂ ಹಾಗೇ ಹೇಳ್ತೀನಿ."

ನನಗೆ ಮಾತ್ರ ಮರೆಯಲಾಗದ್ದು ಮೊದಲ ಆಶೀರ್ವಾದ. ಎಲ್ಲರೂ ಸಾಲಾಗಿ ಮಂಡಿಯೂರಿದ್ದರು. ನನಗೆ ಮಂಡಿಯೂರಲು ಆಗಲಿಲ್ಲ, ಗೋಡೆ ಹಿಡಿದು ನಿಂತಿದ್ದೆ. ಹೊಸ ಗುರುವಿನ ಮುಂದೆ ನಿಂತವನು ನಾನೊಬ್ಬನೇ ಎಂದು ಅವಮಾನವಾಗುತ್ತಿತ್ತು. ನೀನು ನನ್ನ ಹತ್ತಿರ ಬಂದೆ, ಬಗ್ಗಿ, ಆ ಬಿಳಿ ವಸ್ತ್ರದಲ್ಲೇ ನೆಲಕ್ಕೆ ಮಂಡಿಯೂರಿ ನನ್ನ ಮರದ ಪಾದದ ಮೇಲೆ ಕೈಯಿಟ್ಟೆ. ಪಕ್ಕದಲ್ಲಿದ್ದ ಬಾರ್ಟ್ಲಿ ಮೂಗು ಒರೆಸಿಕೊಂಡದ್ದು ಇಡೀ ಚರ್ಚಿಗೆ ಕೇಳಿಸಿತು. ನಿನ್ನ ಬಗ್ಗೆ ನನಗೆ ಅವತ್ತು ಎಷ್ಟು ಹೆಮ್ಮೆಯಾಯಿತೋ, ಯಾವ ಗೋಲಿಗೂ ಅಷ್ಟಾಗಿರಲಿಲ್ಲ. ಇದನ್ನು ಮತ್ತೆ ಹೇಳುವುದಿಲ್ಲ, ಒಂದೇ ಸಲ ಓದಿಕೋ.

ಇಲ್ಲಿ ಕೆಲಸದ ಜಾಗದ ಗೇಟಿನಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ. ಕೋಣೆಯ ಗೋಡೆಗೆ ನಿನ್ನ ಫೋಟೋ ಹಾಕಿದ್ದೇನೆ, ಅದರ ಕೆಳಗೆ ಕರ್ಟಿನ್ ಬಿಟ್ಟುಹೋದ ಕೋಲು ಒರಗಿಸಿಟ್ಟಿದ್ದೇನೆ. ನಮ್ಮ ದೇಶದ ಗಾಲ್ವೇಯಿಂದ ಹೊಸದಾಗಿ ಬಂದ ಒಬ್ಬ ನಿನ್ನೆ ಅದನ್ನು ನೋಡಿ ಕೇಳಿದ.

"ಯಾರು ಈ ಪಾದ್ರಿ?"

"ನನ್ನ ತಮ್ಮ."

"ಹರ್ಲಿಂಗ್ ಆಡ್ತಾರಾ?"

ನಾನು ಕೋಲನ್ನು ಸ್ವಲ್ಪ ನೆಟ್ಟಗೆ ಸರಿಸಿಟ್ಟೆ.

"ಸುಮಾರಾಗಿ ಆಡ್ತಿದ್ದ" ಅಂದೆ. "ನನ್ನಷ್ಟಿಲ್ಲ."

ನಿನ್ನ ಅಣ್ಣ
ಮಾಲಕಿ ಟಾರ್ಪಿ